ಗೋಡೆಯ ಮೇಲಿನ ಉಪ್ಪು

ಮನೆಗಳು ತಮ್ಮ ಕಷ್ಟವನ್ನು ತಾವೇ ಹೇಳಿಕೊಳ್ಳಲು ಕಲಿತ ಮೇಲೆ ಮನೆಯವರನ್ನು ಕೇಳುವವರು ಇಲ್ಲವಾದರು. ನಡುಬೆಂಗ್ರೆಯ ಜಲಜಾಕ್ಷಿ ಕರ್ಕೇರಳಿಗೆ ಇದು ಅರ್ಥವಾದದ್ದು ಚಂಡಮಾರುತ ಬಂದು ಹೋದ ಮೂರನೆಯ ದಿನ. ಸರಕಾರಿ ಶಾಲೆಯ ಜಗಲಿಯಲ್ಲಿ ಕುಳಿತು, ಒದ್ದೆ ಸೀರೆಯ ಸೆರಗಿನಿಂದ ಮೊಬೈಲಿನ ಗಾಜು ಒರೆಸಿಕೊಂಡು, ಬಂದ ಸಂದೇಶವನ್ನು ಅವಳು ಎರಡು ಸಲ ಓದಿದಳು.

‘ಮಾನ್ಯ ಪಾಲಿಸಿದಾರರೇ, ನಿಮ್ಮ ಮನೆ ಹೇಳಿಕೆ ನೀಡಿದೆ. ಹಾನಿಗೆ ಕಾರಣ: ಕಡಲ ನೀರು. ನಿಮ್ಮ ಪಾಲಿಸಿಯಲ್ಲಿ ಗಾಳಿ ಮತ್ತು ಮಳೆಗೆ ರಕ್ಷಣೆ ಇದೆ, ಕಡಲ ನೀರಿಗೆ ಇಲ್ಲ. ಕ್ಲೇಮು ಮುಕ್ತಾಯವಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?’

ಪಕ್ಕದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಗಂಡ ವಾಮನ ಕೇಳಿದ: “ಎಂತ ಬಂತು?”

“ಕಡಲಂತೆ” ಎಂದಳು ಜಲಜಾಕ್ಷಿ.

“ಕಡಲು ಎಂತ ಮಾಡಿತು?”

“ನಮ್ಮ ಮಾಡು ಹಾರಿಸಿದ್ದು ಕಡಲಂತೆ.”

ವಾಮನ ನಗಲು ಹೋಗಿ, ಕಾಲು ನೋವಾಗಿ ಪ್ಲಾಸ್ಟರ್ ಹಿಡಿದುಕೊಂಡ. ಗಾಳಿಗೆ ಚಾವಣಿ ಹಾರಿ, ಮಾಡಿನ ಮರದ ಪಕ್ಕಾಸು ಅವನ ಕಾಲಿನ ಮೇಲೆ ಬಿದ್ದದ್ದು ಮಧ್ಯಾಹ್ನ ಒಂದೂ ಕಾಲು ಗಂಟೆಗೆ. ಆಗ ಮನೆಯೊಳಗೆ ಮಳೆನೀರಿತ್ತು, ಗಾಳಿಯಿತ್ತು, ಆಕಾಶವೂ ಇತ್ತು. ಕಡಲು ಇನ್ನೂ ರಸ್ತೆ ದಾಟಿರಲಿಲ್ಲ. ಜಲಜಾಕ್ಷಿ ಮತ್ತು ನೆರೆಮನೆಯ ಸುಗಂಧಿ ಸೇರಿ ಅವನನ್ನು ಬಾಗಿಲಿನ ಹಲಗೆಯೊಂದರ ಮೇಲೆ ಎಳೆದುಕೊಂಡು ಶಾಲೆಯ ಕಡೆಗೆ ಅರ್ಧ ದಾರಿ ಬಂದ ಮೇಲೆಯೇ ಹಿಂದಿನಿಂದ ನೀರು ಬಂದದ್ದು. ಅದೂ ಮೊಣಕಾಲಿನವರೆಗೆ.

ನಡುಬೆಂಗ್ರೆ ಎಂದರೆ ನದಿಗೂ ಕಡಲಿಗೂ ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಅದರ ಮೇಲೆ ನಲವತ್ತೆರಡು ಮನೆ, ಒಂದು ಶಾಲೆ, ಒಂದು ಭಜನಾ ಮಂದಿರ, ಒಣಮೀನು ಹಾಕುವ ಸಿಮೆಂಟಿನ ಕಣ. ಐದು ವರ್ಷದ ಹಿಂದೆ ತೀರರಕ್ಷಾ ವಿಮಾ ಕಂಪೆನಿಯವರು ‘ಗೃಹಸಾಕ್ಷಿ’ ಎಂಬ ಪೆಟ್ಟಿಗೆಯನ್ನು ತಂದಾಗ ಮನೆಮನೆಗೂ ತಿರುಗಿ ಅದನ್ನು ಹಾಕಿಸಿದವಳು ಜಲಜಾಕ್ಷಿಯೇ. ಮಹಿಳಾ ಸಂಘದ ಅಧ್ಯಕ್ಷೆ ಹೇಳಿದರೆ ಕೊನೆಗೆ ಇಲ್ಲವೆನ್ನುವವರು ಇರಲಿಲ್ಲ. ಅವಳಿಗೂ ಅದರಲ್ಲಿ ನಂಬಿಕೆಯಿತ್ತು. ಮೊದಲೆಲ್ಲ ಗಾಳಿಮಳೆಗೆ ಮನೆ ಬಿದ್ದರೆ ಕಂಪೆನಿಯ ಸರ್ವೇಯರ್ ತಿಂಗಳು ಕಳೆದು ಬರುತ್ತಿದ್ದ. ಎಳನೀರು ಕುಡಿದು, ಗೋಡೆಗೆ ಬೆನ್ನು ಹಾಕಿ ನಿಂತು, ‘ಹಳೆಯ ಬಿರುಕು’ ಎಂದು ಬರೆದು ಹೋಗುತ್ತಿದ್ದ. ಪೆಟ್ಟಿಗೆಗೆ ಎಳನೀರು ಬೇಡ. ಅಂಗೈಯಗಲದ ಅದು ಒಳಗೋಡೆಯಲ್ಲಿ ಐದಡಿ ಎತ್ತರದಲ್ಲಿ ಕುಳಿತು ಗೋಡೆಯ ಅದುರು, ವಾಲಿಕೆ, ಒಳಗಿನ ಗಾಳಿಯ ಒತ್ತಡ, ತೇವ, ತೇವದಲ್ಲಿನ ಉಪ್ಪು ಎಲ್ಲವನ್ನೂ ಕ್ಷಣಕ್ಷಣಕ್ಕೆ ಬರೆದಿಟ್ಟುಕೊಳ್ಳುತ್ತಿತ್ತು. ಮನೆ ಬಿದ್ದರೆ ಏಕೆ ಬಿತ್ತೆಂದು ನಗರದ ನಿಯಂತ್ರಣ ಕೊಠಡಿಯ ಯಂತ್ರಕ್ಕೆ ಹೇಳುತ್ತಿತ್ತು. ಮೂರು ದಿನದಲ್ಲಿ ತೀರ್ಮಾನ. ನಡುವೆ ಮನುಷ್ಯರೇ ಇಲ್ಲವಾದ್ದರಿಂದ ಲಂಚವಿಲ್ಲ, ಮುಲಾಜಿಲ್ಲ.

ಈಗ ನಲವತ್ತೆರಡು ಮನೆಯವರ ಮೊಬೈಲಿನಲ್ಲೂ ಒಂದೇ ಮಾತು: ಕಡಲು.

ಪರಿಹಾರ ಸಿಗದಿದ್ದರೆ ಸಾಲವೋ ಸೋಲವೋ ಮಾಡಿ ನಾಲ್ಕು ಗೋಡೆ ಎಬ್ಬಿಸಬಹುದಿತ್ತು. ಆದರೆ ಪೆಟ್ಟಿಗೆಯ ಮಾತು ಕಂಪೆನಿಯಲ್ಲೇ ನಿಲ್ಲುತ್ತಿರಲಿಲ್ಲ. ಅದು ನೇರವಾಗಿ ಕರಾವಳಿಯ ನಕ್ಷೆಗೆ ಹೋಗುತ್ತಿತ್ತು. ಕಡಲು ಕೆಡವಿದ ಮನೆಯ ಜಾಗ ಕಡಲಿಗೆ ಸೇರಿದ್ದು, ಅಲ್ಲಿ ಮತ್ತೆ ಮನೆ ಕಟ್ಟುವಂತಿಲ್ಲ ಎಂಬುದು ಹೊಸ ಕಾನೂನು. ವರ್ಷ ಮುಗಿಯುವುದರೊಳಗೆ ತೀರ್ಮಾನ ಬದಲಾಗದಿದ್ದರೆ ನಡುಬೆಂಗ್ರೆಯೇ ನಕ್ಷೆಯಿಂದ ಅಳಿಸಿಹೋಗುತ್ತಿತ್ತು.

ಸುಗಂಧಿ ಶಾಲೆಯ ಬಾವಿಕಟ್ಟೆಯ ಬಳಿ ಎಲ್ಲರ ಮುಂದೆ ಹೇಳಿದಳು: “ನನ್ನ ಗೋಡೆಯಲ್ಲಿ ಆ ಪೆಟ್ಟಿಗೆ ಬೇಡ ಅಂತ ನಾನು ಹೇಳಿದ್ದೆ. ಹಾಕ್ಲೇಬೇಕು ಅಂತ ಹೇಳಿದ್ದು ನೀವು ಜಲಜಕ್ಕ. ಈಗ ಅದರ ಹತ್ತಿರ ನೀವೇ ಮಾತಾಡಿ.” ಮೂರು ದಿನದ ಹಿಂದೆ ವಾಮನನನ್ನು ಎಳೆಯಲು ಕೈಕೊಟ್ಟವಳು ಆಮೇಲೆ ಜಲಜಾಕ್ಷಿಯ ಮುಖ ನೋಡುವುದನ್ನೇ ಬಿಟ್ಟಳು.

ಜಲಜಾಕ್ಷಿ ಮಾತಾಡಲು ಹೊರಟಳು. ಸಹಾಯವಾಣಿಯಲ್ಲಿ ಒಂದು ಹೆಣ್ಣು ದನಿ ಬಹಳ ಮರ್ಯಾದೆಯಿಂದ ಹೇಳಿತು: “ನಿಮ್ಮ ಮನೆಯ ಹೇಳಿಕೆ ನಮ್ಮಲ್ಲಿ ದಾಖಲಾಗಿದೆ. ನಿಮ್ಮ ಹೇಳಿಕೆಯ ಅಗತ್ಯವಿಲ್ಲ.” ದೋಣಿ ದಾಟಿ, ಎರಡು ಬಸ್ ಹಿಡಿದು ನಗರದ ಸೇವಾ ಕೇಂದ್ರಕ್ಕೆ ಹೋದರೆ ಅಲ್ಲಿ ಆರು ಪರದೆಗಳು, ಒಬ್ಬ ಕಾವಲುಗಾರ. ಪರದೆ ಕೇಳಿತು: ನಿಮ್ಮ ದೂರಿನ ಬಗೆ ಆರಿಸಿ. ಪರಿಹಾರ ತಡವಾಗಿದೆ. ಹೆಸರು ತಪ್ಪಾಗಿದೆ. ಖಾತೆ ಸಂಖ್ಯೆ ಬದಲಾಗಿದೆ. ಮನೆ ಸುಳ್ಳು ಹೇಳಿದೆ ಎಂಬ ಗುಂಡಿ ಎಲ್ಲಿಯೂ ಇರಲಿಲ್ಲ. ಕೊನೆಗೆ ‘ಇತರೆ’ ಎಂಬುದನ್ನು ಒತ್ತಿದಳು. ‘ನಿಮ್ಮ ಮನೆಯ ಒಳಗೆ ನಿಂತು ಒಂದು ಚಿತ್ರ ತೆಗೆದು ಕಳುಹಿಸಿ’ ಎಂದಿತು.

“ಒಳಗೆ ಅಂತ ಒಂದು ಇದ್ದರೆ ನಾನು ಇಲ್ಲಿಗೆ ಯಾಕೆ ಬರ್ತಿದ್ದೆ?” ಎಂದು ಅವಳು ಪರದೆಗೆ ಹೇಳಿದಳು.

ಕಾವಲುಗಾರ ಕುರ್ಚಿಯಿಂದ ಏಳದೆ, “ಅದಕ್ಕೆ ಕಿವಿ ಇಲ್ಲ ಅಮ್ಮ, ಟೈಪ್ ಮಾಡ್ಬೇಕು” ಎಂದ.

ನಾಲ್ಕು ಸಲ ಹೋದಳು, ನಾಲ್ಕು ಸಲವೂ ಹಾಗೆಯೇ ಬಂದಳು.

ಅವಳ ಮನೆಯಲ್ಲಿ ನಿಂತು ಉಳಿದದ್ದು ಹಿಂದಿನ ಗೋಡೆಯೊಂದೇ. ಅದರ ಮೇಲೆ ಪೆಟ್ಟಿಗೆ ಹಾಗೇ ಕುಳಿತಿತ್ತು, ಹಸಿರು ದೀಪ ಮಿನುಗಿಸುತ್ತ. ಐದನೆಯ ಸಲ ಹೋಗುವ ಮನಸ್ಸಿಲ್ಲದೆ ಅವಳು ಒಂದು ಬೆಳಿಗ್ಗೆ ಆ ಗೋಡೆಯ ಎದುರು ಮರಳಿನ ಮೇಲೆ ಕುಳಿತಳು. ಬಿಸಿಲು ಚೆನ್ನಾಗಿತ್ತು. ಗೋಡೆ ಒಣಗಿ ಉಪ್ಪು ಮೇಲಕ್ಕೆ ಬಂದಿತ್ತು.

ಮೂವತ್ತು ವರ್ಷ ಒಣಮೀನಿನ ಕೆಲಸ ಮಾಡಿದವಳಿಗೆ ಉಪ್ಪಿನ ಮಾತು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಪ್ಪುನೀರಿನಲ್ಲಿ ಮುಳುಗಿಸಿದ ಮೀನಿಗೂ ಮೇಲಿನಿಂದ ಉಪ್ಪು ಚಿಮುಕಿಸಿದ ಮೀನಿಗೂ ಇರುವ ವ್ಯತ್ಯಾಸ ಅವಳ ಬೆರಳಿಗೇ ತಿಳಿಯುತ್ತಿತ್ತು. ಗೋಡೆಯ ಕೆಳಗೆ, ಎರಡಡಿ ಎತ್ತರದಲ್ಲಿ, ದಪ್ಪನೆಯ ಬಿಳಿ ಗೆರೆಯೊಂದು ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಹೋಗಿತ್ತು. ಅದು ನಿಂತ ನೀರಿನ ಗೆರೆ. ಅದರ ಮೇಲೆ, ಪೆಟ್ಟಿಗೆಯ ಸುತ್ತ, ಗೋಡೆಯ ನೆತ್ತಿಯವರೆಗೂ ಹಿಟ್ಟಿನಂಥ ನಯವಾದ ಉಪ್ಪು, ಪಡುವಣ ಕಡೆಯಿಂದ ಓರೆಯಾಗಿ ಬಡಿದಂತೆ. ಅವಳು ಬೆರಳಿನಿಂದ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡಳು. ಅದು ಗಾಳಿ ತಂದ ಉಪ್ಪು. ಅಲೆಯ ತುದಿಯನ್ನು ಸೀಳಿ ತಂದು ಚಂಡಮಾರುತ ಊರಿಡೀ ಎರಚಿದ ಉಪ್ಪು.

ಪೆಟ್ಟಿಗೆ ಕಡಲನ್ನು ನೋಡಿರಲೇ ಇಲ್ಲ. ಅದಕ್ಕೆ ಉಪ್ಪು ತಾಗಿತ್ತು, ಅಷ್ಟೇ. ಐದಡಿ ಎತ್ತರದಲ್ಲಿ ಉಪ್ಪು ಎಂದರೆ ಐದಡಿ ಕಡಲು ಎಂದು ಲೆಕ್ಕ ಹಾಕಿಬಿಟ್ಟಿತ್ತು.

ಒಬ್ಬ ಮನುಷ್ಯ ಬಂದು ಈ ಗೋಡೆಯನ್ನು ಒಂದು ಸಲ ನೋಡಿದರೆ ಸಾಕಿತ್ತು. ಕುರುಡನಲ್ಲದ ಯಾವನಾದರೂ ಸರಿ. ಆದರೆ ನೋಡಲು ಯಾರನ್ನು ಕರೆಯುವುದು? ಮತ್ತೆ ಬೇಗ ಕರೆಯಬೇಕಿತ್ತು. ಮುಂಗಾರು ಕೇರಳಕ್ಕೆ ಬಂದಾಗಿದೆ ಎಂದು ರೇಡಿಯೋ ಹೇಳುತ್ತಿತ್ತು. ಒಂದು ಒಳ್ಳೆಯ ಮಳೆ ಹೊಡೆದರೆ ಗೆರೆಯೂ ಇಲ್ಲ, ಹಿಟ್ಟೂ ಇಲ್ಲ. ಅವಳು ಕಣದಿಂದ ಟಾರ್ಪಾಲು ತಂದು ಗೋಡೆಗೆ ಹೊದಿಸಿ ಕಲ್ಲು ಹೇರಿದಳು. ಉಳಿದ ಮನೆಗಳಿಗೂ ಹೋಗಿ ಗೋಡೆ ಮುಟ್ಟಬೇಡಿ, ಮುಚ್ಚಿಡಿ ಎಂದಳು. ಹೆಚ್ಚಿನವರು ಆಗಲೇ ಮುರಿದ ಗೋಡೆ ಕೆಡವಿ ಕಲ್ಲು ಆರಿಸತೊಡಗಿದ್ದರು. ಸುಗಂಧಿಯ ಮನೆ ಕಡಲಿಗೆ ತೀರ ಹತ್ತಿರದ್ದು. ಅಲ್ಲಿ ಮುಚ್ಚಲು ಗೋಡೆಯೇ ಇರಲಿಲ್ಲ, ಹೇಳಿಕೆ ಕಳುಹಿಸಿದ ಪೆಟ್ಟಿಗೆಯೂ ಕಳೆದುಹೋಗಿತ್ತು.

ಉಪಾಯ ಹೊಳೆದದ್ದು ವಾಮನನಿಗೆ. ದೋಣಿಯ ಇಂಜಿನ್ ರಿಪೇರಿಯವನಾದ್ದರಿಂದ ಯಾವ ಯಂತ್ರ ಕಂಡರೂ ಅದರ ಹಿಂಬದಿ ನೋಡುವುದು ಅವನ ಅಭ್ಯಾಸ. “ಪೆಟ್ಟಿಗೆಯ ಅಡಿಯಲ್ಲಿ ಒಂದು ನಂಬರ್ ಉಂಟು, ನೋಡು. ಅದು ಕಂಪೆನಿಯ ಸೊತ್ತು. ಪೆಟ್ಟಿಗೆ ಹಾಳಾಗಿದೆ ಅಂತ ಹೇಳು. ಮನೆಗೆ ಯಾರೂ ಬರುವುದಿಲ್ಲ, ಪೆಟ್ಟಿಗೆಗೆ ಬರ್ತಾರೆ.”

ಜಲಜಾಕ್ಷಿ ಫೋನು ಮಾಡಿದಳು. ಮರುದಿನ ಹತ್ತು ಗಂಟೆಗೆ ದೋಣಿಯಿಂದ ಒಬ್ಬ ಇಳಿದ. ಚೀಲದಲ್ಲಿ ಉಪಕರಣಗಳು, ಪ್ಯಾಂಟು ಮಡಚಿ ಮೊಣಕಾಲಿಗೆ ಏರಿಸಿದ್ದ. ಹೆಸರು ಮೆಲ್ವಿನ್ ಕಾರ್ಲೊ, ಕಂಪೆನಿಯ ಪ್ರಯೋಗಾಲಯದ ಇಂಜಿನಿಯರ್. ಹಸಿರು ದೀಪ ನೋಡಿ ಅವನ ಮುಖ ಗಂಟಾಯಿತು.

“ಅಕ್ಕ, ಇದು ಸರಿ ಉಂಟಲ್ಲ?”

“ಸರಿ ಇದ್ದರೆ ಸುಳ್ಳು ಯಾಕೆ ಹೇಳ್ತದೆ?” ಎಂದು ಜಲಜಾಕ್ಷಿ ಪೆಟ್ಟಿಗೆಗೂ ಅವನಿಗೂ ನಡುವೆ ನಿಂತಳು. “ನೀವು ಇದನ್ನು ಬಿಚ್ಚಿಕೊಂಡು ಹೋಗಿ, ನಾನು ಬೇಡ ಅನ್ನುವುದಿಲ್ಲ. ಮೊದಲು ಗೋಡೆ ನೋಡಿ.”

“ಗೋಡೆ ನನ್ನ ಕೆಲಸ ಅಲ್ಲ.”

“ಯಾರ ಕೆಲಸ ಅಂತ ಹೇಳಿ, ಅವರನ್ನು ಕರೀತೇನೆ.”

ಆ ಕೆಲಸದವರು ಕಂಪೆನಿಯಲ್ಲಿ ಯಾರೂ ಉಳಿದಿರಲಿಲ್ಲ. ಅವಳು ಟಾರ್ಪಾಲು ಎಳೆದಳು. ಅವನು ನೋಡಿದ. ಬಗ್ಗಿ ಗೆರೆಯನ್ನು ನೋಡಿದ, ಎದ್ದು ಹಿಟ್ಟನ್ನು ನೋಡಿದ, ಪೆಟ್ಟಿಗೆಯ ತೂತುಗಳಿಗೆ ಟಾರ್ಚು ಹಿಡಿದು ನೋಡಿದ. ಆಮೇಲೆ ಅಳತೆಪಟ್ಟಿ ತೆಗೆದು ಅರ್ಧ ಗಂಟೆ ಅಳೆದ, ಚಿತ್ರ ತೆಗೆದ, ಎರಡೂ ಕಡೆಯ ಉಪ್ಪನ್ನು ಕೆರೆದು ಬೇರೆಬೇರೆ ಶೀಷೆಗೆ ತುಂಬಿದ.

“ಲ್ಯಾಬಿನಲ್ಲಿ ನಾವು ಪರೀಕ್ಷೆ ಮಾಡುವಾಗ ಉಪ್ಪುನೀರನ್ನು ತೊಟ್ಟಿಯಲ್ಲಿ ಕೆಳಗಿನಿಂದ ಏರಿಸಿದ್ದು” ಎಂದ ಕೊನೆಗೆ. “ಸಿಹಿನೀರನ್ನು ಮಾತ್ರ ಮೇಲಿನಿಂದ ಚಿಮುಕಿಸಿದ್ದು. ಮೇಲಿನಿಂದ ಉಪ್ಪು ಬರಬಹುದು ಅಂತ ಯಾರೂ ಯೋಚಿಸಲಿಲ್ಲ.”

“ಕಡಲ ಬದಿಯಲ್ಲಿ ಬಟ್ಟೆ ಒಣಗಿಸಿದವರನ್ನು ಕೇಳಿದ್ದರೆ ಹೇಳ್ತಿದ್ದರು.”

“ಹೌದು” ಎಂದು ಅವನು ತಲೆ ತಗ್ಗಿಸಿದ. ಆ ‘ಹೌದು’ ಕೇಳಿ ಜಲಜಾಕ್ಷಿಗೆ ಕಣ್ಣು ತುಂಬಿ ಬಂತು. ಮೂರು ವಾರದಲ್ಲಿ ಅವಳ ಮಾತಿಗೆ ಹೌದು ಎಂದ ಮೊದಲ ಮನುಷ್ಯ ಅವನು.

ವಾರದ ಮೇಲೆ ಮೆಲ್ವಿನ್ ಅವಳನ್ನು ಪ್ರಯೋಗಾಲಯಕ್ಕೆ ಕರೆಸಿದ. ಗೋಡೆಯ ಒಂದು ತುಂಡನ್ನು ಕಟ್ಟಿ, ಅದಕ್ಕೆ ಹೊಸ ಪೆಟ್ಟಿಗೆಯೊಂದನ್ನು ಕೂರಿಸಿ, ಎದುರಿಗೆ ಆಳೆತ್ತರದ ಫ್ಯಾನ್ ಇಟ್ಟಿದ್ದ. ಫ್ಯಾನಿನ ಮುಂದೆ ಕಡಲನೀರನ್ನು ತುಂತುರಾಗಿ ಬಿಟ್ಟ. ನೆಲದ ಮೇಲೆ ನಿಂತ ನೀರೆಂದರೆ ಹನಿಯೂ ಇಲ್ಲ. ನಾಲ್ಕು ನಿಮಿಷಕ್ಕೆ ಪರದೆಯ ಮೇಲೆ ಅಕ್ಷರ ಮೂಡಿತು: ‘ಕಡಲ ನೀರು. ಮಟ್ಟ: ಐದಡಿ.’ ಇನ್ನೊಂದು ಪೆಟ್ಟಿಗೆ ಹಾಕಿದ, ಮತ್ತೆ ಅದೇ. ಮೂರನೆಯದಕ್ಕೂ ಅದೇ.

ಅಲ್ಲಿಂದ ಮೇಲಿನ ಮಹಡಿಯ ನಿಯಂತ್ರಣ ಕೊಠಡಿಗೆ ಹೋದರು. ಗೋಡೆಯ ತುಂಬ ಕರಾವಳಿಯ ನಕ್ಷೆ, ಅದರಲ್ಲಿ ಮನೆಗೊಂದು ಚುಕ್ಕೆ. ನಡುಬೆಂಗ್ರೆಯ ಚುಕ್ಕೆಗಳೆಲ್ಲ ನೀಲಿಯಾಗಿದ್ದವು. ವಿಭಾಗದ ಮುಖ್ಯಸ್ಥೆ ಅಚಲಾ ಭಂಡಾರಿ ಮೆಲ್ವಿನ್ ಹೇಳಿದ್ದನ್ನು ಪೂರ್ತಿ ಕೇಳಿದರು, ಜಲಜಾಕ್ಷಿಗೆ ಕಾಫಿ ತರಿಸಿದರು, ಎರಡು ದಿನ ಬಿಟ್ಟು ಬರಲು ಹೇಳಿದರು. ಎರಡು ದಿನ ಬಿಟ್ಟು ಹೋದರೆ ಮೇಜಿನ ಮೇಲೆ ಒಂದು ಹಾಳೆ ಸಿದ್ಧವಾಗಿತ್ತು. ಅವಳ ಮನೆ ಗಾಳಿಯಿಂದ ಬಿದ್ದದ್ದೆಂದು ಕಂಪೆನಿ ಒಪ್ಪಿತ್ತು. ಪೂರ್ತಿ ಪರಿಹಾರ. ನಕ್ಷೆಯಲ್ಲಿ ಅವಳ ಚುಕ್ಕೆ ಮತ್ತೆ ಹಸಿರು.

ಜಲಜಾಕ್ಷಿ ನಿಧಾನವಾಗಿ ಓದಿದಳು. ಕೊನೆಯ ಸಾಲಿನಲ್ಲಿ ನಿಂತಳು. ‘ದೋಷವು ಈ ಒಂದು ಪೆಟ್ಟಿಗೆಗೆ ಸೀಮಿತವೆಂದು ಪಾಲಿಸಿದಾರರು ಒಪ್ಪುತ್ತಾರೆ.’

“ಇದು ಎಂತ?”

“ಅದು ಕ್ರಮ. ಎಲ್ಲ ಹಾಳೆಯಲ್ಲೂ ಇರ್ತದೆ” ಎಂದರು ಭಂಡಾರಿ.

“ಉಳಿದ ನಲವತ್ತೊಂದು ಮನೆ?”

“ನೋಡಿ, ಪ್ರತಿ ಮನೆಗೂ ಅದರದ್ದೇ ಸಾಕ್ಷಿ. ನಿಮ್ಮ ಗೋಡೆ ಉಳಿದಿದೆ, ಗೆರೆ ಉಳಿದಿದೆ. ಅವರದ್ದು ಇಲ್ಲ. ಇಲ್ಲದ್ದನ್ನು ಯಂತ್ರಕ್ಕೆ ಹೇಗೆ ತೋರಿಸುವುದು?”

“ಮೂರು ಪೆಟ್ಟಿಗೆ ಸುಳ್ಳು ಹೇಳಿದ್ದನ್ನು ಕೆಳಗೆ ನಾನೇ ಕಣ್ಣಾರೆ ನೋಡಿದ್ದೇನಲ್ಲ.”

ಭಂಡಾರಿ ಮೆಲ್ವಿನನ ಕಡೆಗೊಮ್ಮೆ ನೋಡಿದರು. ಅವನು ಕಿಟಕಿಯ ಕಡೆಗೆ ನೋಡುತ್ತಿದ್ದ. “ಅದು ಲ್ಯಾಬಿನ ಒಳಗಿನ ವಿಷಯ. ನೀವು ಸಹಿ ಹಾಕಿದರೆ ಈ ವಾರವೇ ಕೆಲಸ ಶುರು ಮಾಡಬಹುದು. ಗಂಡನಿಗೆ ಬೇರೆ ಕಾಲು ಸರಿ ಇಲ್ಲ ಅಂತೀರಿ.”

ಜಲಜಾಕ್ಷಿ ಪೆನ್ನು ಕೈಗೆತ್ತಿಕೊಂಡಳು. ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆಂದು ತಿಳಿಯಲಿಲ್ಲ. ಈ ಹೆಂಗಸು ಕೆಟ್ಟವಳಲ್ಲ. ಕಾಫಿ ಬಿಸಿಯಾಗಿಯೇ ಇತ್ತು. ಸಹಿ ಹಾಕಿದರೆ ಮರಳಿನ ಪಟ್ಟಿಯ ಮೇಲೆ ತನ್ನದೊಂದೇ ಮನೆ ಏಳುತ್ತದೆ, ಸುತ್ತ ನಲವತ್ತೊಂದು ಗೋಡೆಯಿಲ್ಲದ ಬರೀ ಪಂಚಾಂಗ, ಅಡಿಪಾಯದ ಕಲ್ಲು. ಪೆಟ್ಟಿಗೆ ಹಾಕಿಸಿ ಎಂದು ಬಾಗಿಲು ಬಾಗಿಲು ತಟ್ಟಿದ್ದು ಅವಳ ಕೈಯೇ.

“ಮನೆಯಲ್ಲಿ ಕೇಳಿ ಬರ್ತೇನೆ” ಎಂದು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಅಷ್ಟರಲ್ಲಿ ಗಂಡಹೆಂಡತಿ ಶಾಲೆ ಬಿಟ್ಟು ಒಣಮೀನಿನ ಕಣದ ಬದಿಯ ತಗಡಿನ ಶೆಡ್ಡಿಗೆ ಬಂದಿದ್ದರು. ವಾಮನ ಹಾಳೆ ಓದಿ ಮಂಡಿಯ ಮೇಲಿಟ್ಟುಕೊಂಡ.

“ಸಹಿ ಹಾಕಲಿಲ್ಲ ಯಾಕೆ?”

“ನಿಮಗೆ ಗೊತ್ತಿಲ್ವಾ ಯಾಕೆ ಅಂತ?”

“ಗೊತ್ತುಂಟು. ಅದಕ್ಕೇ ಸಿಟ್ಟು ಬರುವುದು.” ಅವನು ಕಾಲನ್ನು ಆಚೆ ಸರಿಸಿದ. “ಸುಗಂಧಿ ನಿನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ನೀನು ಅವಳಿಗಾಗಿ ಮನೆ ಬಿಡ್ತೀಯಾ? ಈ ಶೆಡ್ಡಿನಲ್ಲಿ ಮಳೆಗಾಲ ಕಳೆಯುವುದು ಹೇಗೆ, ಹೇಳು ನೋಡುವ.”

ಅವಳು ಹಾಳೆಯನ್ನು ಮತ್ತೆ ಮಡಚಿ ಅಕ್ಕಿಯ ಡಬ್ಬಿಯ ಅಡಿಯಲ್ಲಿಟ್ಟಳು. ಮೂರನೆಯ ದಿನ ಮಧ್ಯಾಹ್ನ ವಾಮನ ಊಟ ಮಾಡುತ್ತ, ಗಂಜಿಯಿಂದ ಕಣ್ಣೆತ್ತದೆ ಹೇಳಿದ: “ಆ ಕಾಗದ ಬಿಸಾಡಬೇಡ. ಒಂದು ಪೆಟ್ಟಿಗೆ ತಪ್ಪು ಅಂತ ಕಂಪೆನಿಯೇ ಬರೆದು ಕೊಟ್ಟಿದೆ. ಒಂದು ಇಂಜಿನ್ ಕೆಟ್ಟರೆ ಅದು ಆ ಇಂಜಿನಿನ ದೋಷ. ಒಂದೇ ಅಚ್ಚಿನ ಎಲ್ಲವೂ ಒಂದೇ ಜಾಗದಲ್ಲಿ ಕೆಟ್ಟರೆ ಅದು ಅಚ್ಚಿನ ದೋಷ. ಮೇಲಿನವರಿಗೆ ಕಳಿಸು.”

ಅವಳು ಆ ಹಾಳೆಯ ಪ್ರತಿಯನ್ನು, ಗೋಡೆಯ ಚಿತ್ರಗಳನ್ನು, ವಾಮನನ ಕಾಲಿಗೆ ಪೆಟ್ಟಾದದ್ದು ಒಂದೂ ಕಾಲು ಗಂಟೆಗೆ ಎಂದು ಬರೆದ ಆಸ್ಪತ್ರೆಯ ಚೀಟಿಯನ್ನು ಸೇರಿಸಿ ವಿಮಾ ದೂರುಗಳ ನ್ಯಾಯಾಧಿಕಾರಿಗೆ ಕಳುಹಿಸಿದಳು. ಅದೇ ವಾರ ಮಳೆ ಹಿಡಿಯಿತು. ಟಾರ್ಪಾಲು ಎರಡು ಸಲ ಹಾರಿತು, ಮೂರನೆಯ ಸಲ ಗೋಡೆಯೇ ಕುಸಿಯಿತು. ಶೆಡ್ಡಿನ ತಗಡು ಸೋರಿ ಅಕ್ಕಿಯ ಡಬ್ಬಿಗೆ ನೀರಿಳಿಯಿತು. ಜಲಜಾಕ್ಷಿಗೆ ಎಷ್ಟೋ ಸಲ ಅನ್ನಿಸಿತು, ಒಂದು ಸಹಿ ಹಾಕಿದ್ದರೆ ಆಗುತ್ತಿತ್ತು ಎಂದು. ಅನ್ನಿಸಿದಾಗಲೆಲ್ಲ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ತೊಳೆದಳು.

ಅವಳಿಗೆ ತಿಳಿಯದಂತೆ ಮೆಲ್ವಿನ್ ಕೂಡ ಫ್ಯಾನಿನ ಪರೀಕ್ಷೆಯ ವರದಿಯನ್ನು ಅದೇ ಕಚೇರಿಗೆ ತನ್ನ ಹೆಸರು ಹಾಕಿ ಕಳುಹಿಸಿದ್ದ. ಆಗಸ್ಟಿನಲ್ಲಿ ಅವನನ್ನು ಕಲಬುರಗಿಯ ಗೋದಾಮಿಗೆ ವರ್ಗ ಮಾಡಿದರು. ಫೋನಿನಲ್ಲಿ ಅವನು ನಕ್ಕು, “ಇಲ್ಲಿ ಉಪ್ಪಿನ ತೊಂದರೆ ಇಲ್ಲ ಅಕ್ಕ, ಬರೀ ಸೆಕೆ” ಎಂದ.

ಸೆಪ್ಟೆಂಬರಿನ ಕೊನೆಗೆ ಆದೇಶ ಬಂತು. ನಡುಬೆಂಗ್ರೆಯ ಎಲ್ಲ ತೀರ್ಮಾನಗಳಿಗೂ ತಡೆ. ಪ್ರತಿ ಮನೆಯನ್ನೂ ಮನುಷ್ಯರು ಕಣ್ಣಿಂದ ನೋಡಬೇಕು, ಮನೆಯವರ ಮಾತು ಕೇಳಬೇಕು. ನಿವೃತ್ತಿಯಾಗಿದ್ದ ಒಬ್ಬ ಮುದಿ ಸರ್ವೇಯರನನ್ನು ಹುಡುಕಿ ಕಳುಹಿಸಿದರು. ಅವನು ಕೊಡೆ ಮಡಚಿ ಜಲಜಾಕ್ಷಿಯ ಪಂಚಾಂಗದ ಕಲ್ಲಿನ ಮೇಲೆ ಕುಳಿತು, ಖಾಲಿ ಹಾಳೆ ತೆಗೆದು, “ಹೇಳಿ ಅಮ್ಮ, ಮೊದಲು ಎಂತ ಆಯ್ತು?” ಎಂದು ಕೇಳಿದ. ನಾಲ್ಕು ತಿಂಗಳಿನಿಂದ ಈ ಪ್ರಶ್ನೆಗಾಗಿ ಕಾದಿದ್ದವಳು ಮೊದಲು ಗಂಡನ ಕಾಲನ್ನು ತೋರಿಸಿದಳು. ವಾಮನನೇ ಶುರು ಮಾಡಬೇಕಾಯಿತು. ಆಮೇಲೆ ಅವಳು ನಿಲ್ಲಿಸಲಿಲ್ಲ.

ಮೂವತ್ತಾರು ಮನೆಗಳ ಚುಕ್ಕೆ ಹಸಿರಾಯಿತು. ಆರು ನೀಲಿಯಾಗಿಯೇ ಉಳಿದವು. ಗೋಡೆಯಾಗಲಿ ಪೆಟ್ಟಿಗೆಯಾಗಲಿ ಎರಡರಲ್ಲೊಂದು ಇರಬೇಕು ಎಂದು ಆದೇಶದ ಒಳಗೊಂದು ಸಾಲು ಅಡಗಿತ್ತು. ಆ ಆರು ಮನೆಗಳಲ್ಲಿ ಎರಡೂ ಇರಲಿಲ್ಲ. ಅವರಿಗೆ ಬಂದ ಸಂದೇಶದಲ್ಲಿ ಹೀಗಿತ್ತು: ‘ಕಂಪೆನಿಯ ಸೊತ್ತಾದ ಪೆಟ್ಟಿಗೆಯನ್ನು ಪಾಲಿಸಿದಾರರು ಕಾಪಾಡಿಕೊಂಡಿಲ್ಲ.’ ಅವುಗಳಲ್ಲಿ ಒಂದು ಸುಗಂಧಿಯ ಮನೆ.

ಸುಗಂಧಿ ತಂದು ತೋರಿಸಿದ ಆ ಸಂದೇಶವನ್ನು ಜಲಜಾಕ್ಷಿ ಓದಿ, ಮೊಬೈಲನ್ನು ಸುಗಂಧಿಗೆ ವಾಪಸು ಕೊಟ್ಟು, “ನಾಳೆ ಏಳು ಗಂಟೆಯ ದೋಣಿಗೆ ಬಾ” ಎಂದಷ್ಟೇ ಹೇಳಿದಳು. ಹೇಳುವಾಗ ಅವಳಿಗೆ ತನ್ನ ಮೇಲೂ ಬೇಸರ ಬಂತು. ಜಲಜಾಕ್ಷಿಯ ಸ್ವಂತ ಮನೆಗೆ ಮರುದಿನವೇ ಕಲ್ಲು ಇಳಿಯುವುದಿತ್ತು, ಮೇಸ್ತ್ರಿ ಬರುವವನಿದ್ದ.

ಸೇವಾ ಕೇಂದ್ರದಲ್ಲಿ ಅದೇ ಆರು ಪರದೆಗಳು. ಒಂದು ಮೂಲೆಯಲ್ಲಿ ಮಾತ್ರ ಹೊಸದಾಗಿ ಒಂದು ಮೇಜು ಹಾಕಿ, ‘ಮಾತಾಡಿ’ ಎಂಬ ಫಲಕ ತೂಗುಹಾಕಿ, ಒಬ್ಬಳು ಹುಡುಗಿಯನ್ನು ಕೂರಿಸಿದ್ದರು. ಮುಂದೆ ಹದಿನೇಳು ಜನರ ಸಾಲು. ಎರಡು ಗಂಟೆಯಾಯಿತು. ಇಬ್ಬರೂ ಅಕ್ಕಪಕ್ಕ ನಿಂತಿದ್ದರು. ಮೇ ತಿಂಗಳಿನಿಂದ ಇಬ್ಬರ ನಡುವೆ ಹತ್ತು ಮಾತು ನಡೆದಿರಲಿಲ್ಲ. ಅವರ ಸರದಿ ಬಂದಾಗ ಹುಡುಗಿ ತಲೆಯೆತ್ತದೆ, “ಪೆಟ್ಟಿಗೆ ತಂದಿದ್ದೀರಾ?” ಎಂದಳು.

ಜಲಜಾಕ್ಷಿ ಉಸಿರೆಳೆದುಕೊಂಡು ಮುಂದಕ್ಕೆ ಬಾಗಿದಳು. ಸುಗಂಧಿ ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

“ನೀವು ಅಲ್ಲಿ ಕೂತ್ಕೊಳ್ಳಿ ಜಲಜಕ್ಕ” ಎಂದಳು. “ಈ ಸಲ ನಾನು ಮಾತಾಡ್ತೇನೆ.”

ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಚೀಲವನ್ನು ಮಡಿಲಲ್ಲಿಟ್ಟು, ಎಷ್ಟು ಹೊತ್ತಾದರೂ ಏಳುವವಳಲ್ಲ ಎಂಬಂತೆ ಕುಳಿತಳು.